ಹಿರಿಯರ ಮನೋವೈದ್ಯರಾಗಲು ಡಿ.ಎಂ. ಬೇಕೆ, ಫೆಲೋಶಿಪ್ ಸಾಕೆ, ವಿದೇಶಕ್ಕೇ ಹೋಗಬೇಕೆ?

ಎಂ.ಡಿ. ಸೈಕಿಯಾಟ್ರಿಯ (ಮನೋವೈದ್ಯದ ಸ್ನಾತಕೋತ್ತರ ಪದವಿಯ) ಮೂರನೆಯ ವರ್ಷದಲ್ಲಿ, ಥೀಸಿಸ್ ಸಲ್ಲಿಸಿ ಪರೀಕ್ಷೆಗೆ ಇನ್ನು ಕೆಲವೇ ತಿಂಗಳು ಉಳಿದಿರುವಾಗ, ಪಿಜಿಗಳು ಒಬ್ಬೊಬ್ಬರಾಗಿ ಬಂದು ಮುಂದೇನು ಎಂದು ಕೇಳುತ್ತಾರೆ. ಮಕ್ಕಳ ಮನೋವೈದ್ಯಕ್ಕೋ ವ್ಯಸನ ಚಿಕಿತ್ಸೆಗೋ ಹೋಗಬೇಕೆಂದಿರುವವರು ಅಷ್ಟು ಹೊತ್ತಿಗೆ ಸೀಟುಗಳ ಲೆಕ್ಕವನ್ನೆಲ್ಲ ಹಾಕಿ ಮುಗಿಸಿರುತ್ತಾರೆ. ನನ್ನಿಂದ ಅವರಿಗೆ ಬೇಕಾಗಿರುವುದು ಶಿಫಾರಸು ಪತ್ರ ಮಾತ್ರ. ಆದರೆ ವರ್ಷಕ್ಕೆ ಒಬ್ಬರೋ ಇಬ್ಬರೋ ಬಾಗಿಲ ಬಳಿ ನಿಂತು, "ಮೇಡಂ, ವಯಸ್ಸಾದವರ ಕೇಸ್ ನೋಡೋದು ನನಗೆ ಇಷ್ಟ, ಆದರೆ ಅದಕ್ಕೋಸ್ಕರ ಇನ್ನೂ ಮೂರು ವರ್ಷ ಹಾಕಬೇಕಾ?" ಎಂದು ತಡವರಿಸುತ್ತಾರೆ. ಡಿ.ಎಂ. (ಎಂ.ಡಿ. ನಂತರದ ಮೂರು ವರ್ಷದ ಉನ್ನತ ಪದವಿ), ಫೆಲೋಶಿಪ್, ವಿದೇಶ ಮುಂತಾದ ದಾರಿಗಳ ಈ ಹೋಲಿಕೆಯನ್ನು ಬರೆಯುತ್ತಿರುವುದು ಅವರಿಗಾಗಿ. ಅವರನ್ನು ಈ ಕಡೆಗೆ ಸೆಳೆಯುವುದು ಹೇಗೆಂದು ಯೋಚಿಸುತ್ತಿರುವ ವಿಭಾಗದ ಮುಖ್ಯಸ್ಥರಿಗೂ ಕೊನೆಯಲ್ಲಿ ಒಂದೆರಡು ಮಾತು ಇದೆ.

ಕೆಲಸಕ್ಕೇನೂ ಕೊರತೆಯಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 2011ರ ಜನಗಣತಿಯಲ್ಲಿಯೇ ದೇಶದಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿ ಮೀರಿತ್ತು. 2023ರಲ್ಲಿ ಪ್ರಕಟವಾದ, ದೇಶದ ಹಿರಿಯರಲ್ಲಿ ಡಿಮೆನ್ಷಿಯಾವನ್ನು (ನೆನಪು, ಅರಿವು ಕುಂದುತ್ತ ಹೋಗುವ ಕಾಯಿಲೆಯನ್ನು) ಅಳೆದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜಿನಂತೆ, ಈ ವಯಸ್ಸಿನವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. ಇಳಿವಯಸ್ಸಿನ ಖಿನ್ನತೆ, ತಡವಾಗಿ ಶುರುವಾಗುವ ಸಂಶಯದ ಕಾಯಿಲೆ, ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರೋರಾತ್ರಿ ಕಾಣಿಸಿಕೊಳ್ಳುವ ಡೆಲಿರಿಯಂ (ಹಠಾತ್ ಗೊಂದಲದ ಸ್ಥಿತಿ) ಇವೆಲ್ಲ ಆ ಲೆಕ್ಕದ ಹೊರಗಿನವು. "ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಗುಣವಾಗಬಹುದಾದ ಕಾಯಿಲೆಯನ್ನೂ ವಯಸ್ಸಿನ ಖಾತೆಗೆ ಬರೆದು ಮನೆಯವರು ಸುಮ್ಮನಿರುತ್ತಾರೆ, ಎಷ್ಟೋ ಸಲ ವೈದ್ಯರೂ ಸುಮ್ಮನಿರುತ್ತಾರೆ.

ಯಾವುದನ್ನು ಅಳೆದು ನೋಡಬೇಕು

ಪಿಜಿಗಳು ಸಾಮಾನ್ಯವಾಗಿ ಮೊದಲು ನೋಡುವುದು ಹೆಸರಿನ ಮುಂದೆ ಸೇರುವ ಅಕ್ಷರಗಳನ್ನು. ನಾನು ಮೊದಲು ನೋಡಿ ಎನ್ನುವುದು ಬೇರೆಯದನ್ನು: ದೇಹ ಮತ್ತು ಮನಸ್ಸು ಎರಡೂ ಒಟ್ಟಿಗೆ ಕೆಟ್ಟಿರುವ ರೋಗಿಯನ್ನು, ನಿಮಗಿಂತ ಹೆಚ್ಚು ಬಲ್ಲವರೊಬ್ಬರ ಕಣ್ಣೆದುರಿಗೆ, ಎಷ್ಟು ತಿಂಗಳ ಕಾಲ ನೋಡುವ ಅವಕಾಶ ಆ ದಾರಿಯಲ್ಲಿ ಸಿಗುತ್ತದೆ? ಈ ವಿಷಯದಲ್ಲಿ ಪುಸ್ತಕದಿಂದ ಒಂಟಿಯಾಗಿ ಕಲಿಯಲಾಗದ ಭಾಗವೆಂದರೆ ಇದೊಂದೇ, ಉಳಿದುದನ್ನು ಓದಿಕೊಳ್ಳಬಹುದು.

ಹೀಗೆ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ರಾಜಾಜಿನಗರದ ನಿವೃತ್ತ ಶಿಕ್ಷಕರೊಬ್ಬರನ್ನು ಅವರ ಮಗಳು ಕರೆತಂದಿದ್ದರು. ಆರು ತಿಂಗಳಿಂದ ಮರೆವು, ಸಂಜೆಯಾದರೆ ಗೊಂದಲ, ತಮ್ಮ ಮನೆಯಲ್ಲೇ ಕೂತು "ಮನೆಗೆ ಹೋಗೋಣ" ಎನ್ನುವುದು. ಡಿಮೆನ್ಷಿಯಾ ಎಂದು ಬರೆದಿದ್ದ ಹಳೆಯ ಚೀಟಿಯೂ ಇತ್ತು. ನಮ್ಮ ರೆಸಿಡೆಂಟ್ (ತರಬೇತಿಯಲ್ಲಿರುವ ವೈದ್ಯ) ಮರೆವಿನ ಪರೀಕ್ಷೆ ಮಾಡಿ, ಅಂಕ ಕೂಡಿಸಿ, ಸ್ಕ್ಯಾನ್ ಬರೆಯಲು ಹೊರಟಿದ್ದ. ಬಟ್ಟೆ ಅಂಗಡಿಯ ಕೈಚೀಲವೊಂದರಲ್ಲಿ ಮಗಳು ತಂದಿದ್ದ ಮಾತ್ರೆಗಳನ್ನು ಮೇಜಿನ ಮೇಲೆ ಸುರಿಸಿದೆವು. ಬಿ.ಪಿ., ಶುಗರ್, ಪ್ರಾಸ್ಟೇಟ್, ನಿದ್ದೆ, ಗ್ಯಾಸ್ಟ್ರಿಕ್ ಮಾತ್ರೆಗಳ ನಡುವೆ ಯಾವುದೋ ಕಾಲದಲ್ಲಿ ಕೈನಡುಕಕ್ಕೆಂದು ಶುರುವಾಗಿ ಯಾರೂ ನಿಲ್ಲಿಸದೆ ಉಳಿದಿದ್ದ ಟ್ರೈಹೆಕ್ಸಿಫೆನಿಡಿಲ್ ಕೂಡ ಇತ್ತು. ಮುಪ್ಪಿನ ಮಿದುಳಿಗೆ ಅದು ಗೊಂದಲ ತರುವ ಮಾತ್ರೆ. ಅದನ್ನೂ ನಿದ್ದೆಯ ಮಾತ್ರೆಯನ್ನೂ ಮೆಲ್ಲಗೆ ಇಳಿಸಿ ನಿಲ್ಲಿಸಿದ ಮೇಲೆ ಅವರು ಮತ್ತೆ ಪತ್ರಿಕೆ ಓದತೊಡಗಿದರು. ಪೂರ್ತಿ ಮೊದಲಿನಂತೆ ಆಗಲಿಲ್ಲ, ಆದರೆ ಸಂಜೆಯ ಗೊಂದಲ ಹೋಯಿತು. ಆ ರೆಸಿಡೆಂಟ್ ದಡ್ಡನಲ್ಲ; ಚೀಲವನ್ನು ಸುರಿಯಬೇಕೆಂದು ಅವನಿಗೆ ಅದುವರೆಗೆ ಯಾರೂ ತೋರಿಸಿಕೊಟ್ಟಿರಲಿಲ್ಲ, ಅಷ್ಟೇ. ಬಿ12 ಕೊರತೆ, ಥೈರಾಯ್ಡ್, ಬಿದ್ದು ವಾರಗಳಾದ ಮೇಲೆ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಖಿನ್ನತೆಯ ಮಾತ್ರೆಯಿಂದಲೇ ಇಳಿದ ಸೋಡಿಯಂ, ಮೂತ್ರದ ಮಾತ್ರೆ ಸೇರಿದೊಡನೆ ಏರುವ ಲಿಥಿಯಂ, ಇವನ್ನೆಲ್ಲ ಸಮಯಕ್ಕೆ ಸರಿಯಾಗಿ ನೆನಪಿಸುವ ಹಿರಿಯರೊಬ್ಬರು ಪಕ್ಕದಲ್ಲಿ ಎಷ್ಟು ದಿನ ಇರುತ್ತಾರೆ ಎಂಬುದೇ ನನ್ನ ಮೊದಲ ಅಳತೆ.

ಎರಡನೆಯದು ವರ್ಷ ಮತ್ತು ಹಣ. ಎಂ.ಡಿ. ಮುಗಿಯುವ ವೇಳೆಗೆ ನಿಮಗೆ ಮೂವತ್ತರ ಆಸುಪಾಸು ಆಗಿರುತ್ತದೆ. ಶಿಕ್ಷಣ ಸಾಲವಿದ್ದರೆ, ತಂಗಿಯ ಮದುವೆಯಿದ್ದರೆ, ನಿಮ್ಮದೇ ಮಗು ಬರುವುದಿದ್ದರೆ, ಮೂರು ವರ್ಷ ಎಂಬುದು ಚಿಕ್ಕ ಮಾತಲ್ಲ. ಮೂರನೆಯದು, ಆ ಪದವಿ ಯಾವ ಬಾಗಿಲನ್ನು ತೆರೆಯುತ್ತದೆ ಎಂಬುದು. ನಾಲ್ಕನೆಯದು, ಓದಿದ ಮೇಲೆ ನೀವು ಬದುಕಬೇಕೆಂದಿರುವ ಊರು ಮತ್ತು ಅಲ್ಲಿನ ಭಾಷೆ. ಈ ನಾಲ್ಕನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಮುಪ್ಪಿನ ಮನೋವೈದ್ಯದಲ್ಲಿ ಅದರ ತೂಕ ಬಹಳ.

ಡಿ.ಎಂ.: ಮೂರು ವರ್ಷ, ಮೂರು ಬಗೆಯ ಲಾಭ

ಬೆಂಗಳೂರಿನಲ್ಲಿ ಇರುವವರಿಗೆ ಡಿ.ಎಂ. ಎಂದೊಡನೆ ನೆನಪಾಗುವುದು ನಿಮ್ಹಾನ್ಸ್. ಎಂ.ಡಿ. ಅಥವಾ ಅದಕ್ಕೆ ಸಮಾನವಾದ ಡಿ.ಎನ್.ಬಿ. ಸೈಕಿಯಾಟ್ರಿ ಮುಗಿಸಿದವರು ಐಎನ್‌ಐ-ಎಸ್‌ಎಸ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಸೇರುವ ಮೂರು ವರ್ಷದ ಕೋರ್ಸ್ ಇದು. ಉತ್ತರದಲ್ಲಿ ಲಖನೌದ ಕಿಂಗ್ ಜಾರ್ಜ್ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಹಿರಿಯರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ವಿಭಾಗವೂ ಡಿ.ಎಂ. ಕೋರ್ಸೂ ಇವೆ. ದೇಶದಲ್ಲೆಲ್ಲ ಸೇರಿಸಿದರೂ ಸೀಟುಗಳು ಬೆರಳೆಣಿಕೆಯವು.

ಮೊದಲ ಅಳತೆಯಲ್ಲಿ ಡಿ.ಎಂ.ಗೆ ಸಾಟಿಯಿಲ್ಲ. ನಿಮ್ಹಾನ್ಸ್ ಆವರಣದಲ್ಲಿ ಮನೋವೈದ್ಯ, ನರರೋಗ, ನರಶಸ್ತ್ರಚಿಕಿತ್ಸೆ ಮತ್ತು ಮಿದುಳಿನ ಚಿತ್ರಣ ವಿಭಾಗಗಳು ಒಂದೇ ಗೋಡೆಯೊಳಗೆ ಇರುವುದರಿಂದ, ಮರೆವಿನ ರೋಗಿಯೊಬ್ಬರ ಬಗ್ಗೆ ಮನೋವೈದ್ಯರ ಅಭಿಪ್ರಾಯವನ್ನೂ ನರರೋಗ ತಜ್ಞರ ಅಭಿಪ್ರಾಯವನ್ನೂ ಒಂದೇ ವಾರದಲ್ಲಿ ಕೇಳಿ, ಅವರಿಬ್ಬರೂ ಒಪ್ಪದಿದ್ದಾಗ ಏನಾಗುತ್ತದೆ ಎಂಬುದನ್ನೂ ನೋಡಬಹುದು. ರೋಗಿಯೊಂದಿಗೆ ಮನೆಯವರೂ ಉಳಿದುಕೊಳ್ಳುವ ಪದ್ಧತಿ ಅಲ್ಲಿ ಹಳೆಯದು. ಅಜ್ಜಿಯ ಸಿಟ್ಟು ಹೆಚ್ಚುವುದು ಸೊಸೆ ಬಂದಾಗಲೋ ಮೂತ್ರದ ಸೋಂಕು ಬಂದಾಗಲೋ ಎಂಬುದು ಓಪಿಡಿಯ ಹದಿನೈದು ನಿಮಿಷದಲ್ಲಿ ತಿಳಿಯದು, ವಾರ್ಡಿನ ಹದಿನೈದು ದಿನದಲ್ಲಿ ತಿಳಿಯುತ್ತದೆ. ಸಂಶೋಧನೆಯ ಒಲವಿರುವವರಿಗೆ ಬೆಂಗಳೂರಿನ ಇನ್ನೊಂದು ಅನುಕೂಲವಿದೆ: ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾಗುತ್ತಿರುವವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ.

ಹಣದ ಲೆಕ್ಕದಲ್ಲೂ ಡಿ.ಎಂ. ಜನ ಅಂದುಕೊಂಡಷ್ಟು ದುಬಾರಿಯಲ್ಲ. ಕೇಂದ್ರ ಸಂಸ್ಥೆಗಳಲ್ಲಿ ಶುಲ್ಕ ಕಡಿಮೆ. ಡಿ.ಎಂ. ಓದುವವರಿಗೆ ಸಿಗುವ ಸೀನಿಯರ್ ರೆಸಿಡೆಂಟ್ (ಎಂ.ಡಿ. ಮುಗಿಸಿ ಆಸ್ಪತ್ರೆಯಲ್ಲಿ ದುಡಿಯುವ ವೈದ್ಯ) ದರ್ಜೆಯ ಮೂಲವೇತನ ಏಳನೆಯ ವೇತನ ಆಯೋಗದ ಪ್ರಕಾರ 67,700 ರೂಪಾಯಿ, ಅದರ ಮೇಲೆ ಭತ್ಯೆಗಳು. ನಷ್ಟವಾಗುವುದು ಈ ಮೂರು ವರ್ಷ ಖಾಸಗಿಯಾಗಿ ದುಡಿದಿದ್ದರೆ ಬರುತ್ತಿದ್ದ ಹೆಚ್ಚಿನ ಹಣ, ಮತ್ತು ಅಷ್ಟರಲ್ಲಿ ಬೆಳೆಯಬಹುದಾಗಿದ್ದ ನಿಮ್ಮ ಪ್ರಾಕ್ಟೀಸು.

ತೊಡಕಿರುವುದು ಮೂರನೆಯ ಅಳತೆಯಲ್ಲಿ. ಡಿ.ಎಂ. ಕಾರ್ಡಿಯಾಲಜಿ ಮುಗಿಸಿದವರಿಗೆ ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಒಂದು ಕುರ್ಚಿ ಕಾದಿರುತ್ತದೆ, ಡಿ.ಎಂ. ಜೆರಿಯಾಟ್ರಿಕ್ ಸೈಕಿಯಾಟ್ರಿ ಮುಗಿಸಿದವರಿಗೆ ಹಾಗೆ ಕಾದಿರುವ ಕುರ್ಚಿಗಳು ಬಹಳ ಕಡಿಮೆ. ಹೆಚ್ಚಿನ ವೈದ್ಯಕೀಯ ಕಾಲೇಜುಗಳಲ್ಲಿ ಈ ಹೆಸರಿನ ವಿಭಾಗವೇ ಇಲ್ಲವಾದ್ದರಿಂದ, ನೀವು ಸೇರುವುದು ಸಾಮಾನ್ಯ ಮನೋವೈದ್ಯ ವಿಭಾಗದ ಸಹಾಯಕ ಪ್ರಾಧ್ಯಾಪಕರಾಗಿ. ಆ ಹುದ್ದೆಗೆ ಎಂ.ಡಿ. ಮತ್ತು ಒಂದು ವರ್ಷದ ಸೀನಿಯರ್ ರೆಸಿಡೆನ್ಸಿ ಇದ್ದರೆ ಸಾಕು. ಹೀಗಾಗಿ, ಕಲಿಸಬೇಕು, ಘಟಕ ಕಟ್ಟಬೇಕು, ಈ ವಿಷಯಕ್ಕೆ ತನ್ನದೊಂದು ಪಾಠಪಟ್ಟಿ ಬರೆಯಬೇಕು ಎಂಬ ಹಂಬಲ ಇರುವವರಿಗೆ ನಾನು ಡಿ.ಎಂ. ಅನ್ನು ಹಿಂಜರಿಯದೆ ಹೇಳುತ್ತೇನೆ. ಚಾಮರಾಜನಗರದಲ್ಲೋ ಗದಗದಲ್ಲೋ ಸ್ವಂತ ಕ್ಲಿನಿಕ್ ಇಡುವ ಯೋಚನೆಯಿದ್ದವರಿಗೆ ಹೇಳುವ ಮೊದಲು ಎರಡು ಸಲ ಯೋಚಿಸುತ್ತೇನೆ. ಕಡ್ಡಾಯ ಸೇವೆಯ ಷರತ್ತುಗಳೂ ಕಾಲಕಾಲಕ್ಕೆ ಬದಲಾಗಿವೆ. ಸೇರುವ ವರ್ಷದ ಆದೇಶವನ್ನೇ ಓದಿ, ಸೀನಿಯರ್ ಹೇಳಿದ್ದನ್ನು ನಂಬಿಕೊಂಡಿರಬೇಡಿ.

ಒಂದು ವರ್ಷದ ಫೆಲೋಶಿಪ್

ಎಂ.ಡಿ. ನಂತರದ ಒಂದು ವರ್ಷದ ತರಬೇತಿಗೆ ಊರೂರಲ್ಲಿ ಬೇರೆ ಬೇರೆ ಹೆಸರುಗಳಿವೆ. ಡಿ.ಎಂ.ನಂತೆ ವೈದ್ಯಕೀಯ ಪರಿಷತ್ತಿನಲ್ಲಿ ಹೆಚ್ಚುವರಿ ಪದವಿಯೆಂದು ದಾಖಲಿಸಲು ಇವು ಸಾಮಾನ್ಯವಾಗಿ ಬರುವುದಿಲ್ಲ. ಆದರೆ ರೋಗಿ ಆ ದಾಖಲೆಯನ್ನು ಕೇಳುವುದಿಲ್ಲ.

ಫೆಲೋಶಿಪ್‌ನ ಬೆಲೆ ಪೂರ್ತಿಯಾಗಿ ಆ ಘಟಕವನ್ನು ಅವಲಂಬಿಸಿದೆ. ವಾರಕ್ಕೊಂದೇ ಮಧ್ಯಾಹ್ನ ಹಿರಿಯರ ಕ್ಲಿನಿಕ್ ನಡೆಸಿ, ಉಳಿದ ಐದೂವರೆ ದಿನ ನಿಮ್ಮನ್ನು ಸಾಮಾನ್ಯ ಓಪಿಡಿಗೂ ರಾತ್ರಿ ಡ್ಯೂಟಿಗೂ ಹಾಕುವ ಆಸ್ಪತ್ರೆಯಲ್ಲಿ, ಫೆಲೋ ಎಂದರೆ ಕಡಿಮೆ ಸಂಬಳದ ಸೀನಿಯರ್ ರೆಸಿಡೆಂಟ್ ಎಂದೇ ಅರ್ಥ. ನನ್ನ ಬ್ಯಾಚಿನ ಗೆಳತಿಯೊಬ್ಬಳು ಹೀಗೇ ಒಂದು ವರ್ಷ ಕಳೆದಳು; ಕೊನೆಗೆ ಅವಳ ಲಾಗ್‌ಬುಕ್ಕಿನಲ್ಲಿ 60 ದಾಟಿದ ಒಳರೋಗಿಗಳಿಗಿಂತ ಮದ್ಯದ ವಿತ್‌ಡ್ರಾವಲ್ (ಕುಡಿತ ಬಿಟ್ಟಾಗಿನ ತೊಂದರೆಯ) ಕೇಸುಗಳೇ ಹೆಚ್ಚಿದ್ದವು. ಅದೇ ಒಂದು ವರ್ಷವನ್ನು, ಹಿರಿಯರ ಪ್ರತ್ಯೇಕ ಹಾಸಿಗೆಗಳಿದ್ದು, ಮೆಡಿಸಿನ್ ಮತ್ತು ಮೂಳೆ ವಿಭಾಗಗಳ ಕರೆಗಳಿಗೆ ದಿನವೂ ಹೋಗಬೇಕಾದ ಕಡೆ ಕಳೆದರೆ, ಡೆಲಿರಿಯಂ ಒಂದರಲ್ಲೇ ಜೀವಮಾನಕ್ಕೆ ಸಾಕಾಗುವಷ್ಟು ಕಲಿಯಬಹುದು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಎರಡನೆಯ ರಾತ್ರಿ ಡ್ರಿಪ್ ಕಿತ್ತೆಸೆಯುವ ಅಜ್ಜನಿಗೆ ಮೊದಲು ಬೇಕಾದದ್ದು ಹ್ಯಾಲೋಪೆರಿಡಾಲ್ ಎಂಬ ಉದ್ರೇಕ ತಗ್ಗಿಸುವ ಔಷಧ ಅಲ್ಲದಿರಬಹುದು. ಕನ್ನಡಕ, ಕಿವಿಯ ಯಂತ್ರ, ನೋವಿನ ಮಾತ್ರೆ, ಮಲಬದ್ಧತೆಗೆ ಔಷಧ, ಪಕ್ಕದಲ್ಲಿ ಕೂರುವ ಮೊಮ್ಮಗ ಇವುಗಳಲ್ಲಿ ಯಾವುದಾದರೂ ಒಂದಿರಬಹುದು. ಇದನ್ನು ಮೂರು ತಿಂಗಳು ದಿನವೂ ಕಣ್ಣಾರೆ ನೋಡಿದವರು ಮರೆಯುವುದಿಲ್ಲ.

ಸಾಲ ತೀರಿಸುವ ಒತ್ತಡವಿದ್ದು, ಎಂ.ಡಿ.ಯಲ್ಲಿ ಹಿರಿಯರ ಅನುಭವ ಅಲ್ಪಸ್ವಲ್ಪವಾದರೂ ಸಿಕ್ಕಿದ್ದು, ಮುಂದೆ ನಗರದ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ, ಒಳ್ಳೆಯ ಘಟಕದ ಫೆಲೋಶಿಪ್ ಕೊಟ್ಟ ಕಾಲಕ್ಕೆ ಅತಿ ಹೆಚ್ಚು ಮರಳಿಸುವ ದಾರಿ ಎಂಬುದು ನನ್ನ ಅಭಿಪ್ರಾಯ. ಕೆಟ್ಟ ಘಟಕದ್ದಾದರೆ ಎಲ್ಲಕ್ಕಿಂತ ಕಡಿಮೆ ಮರಳಿಸುವುದೂ ಅದೇ.

ಇನ್ನೂ ಎಂ.ಬಿ.ಬಿ.ಎಸ್. ಹಂತದಲ್ಲಿರುವವರಿಗೆ

ಹಿರಿಯರ ಬಗ್ಗೆ ಒಲವಿದೆ, ಮನೋವೈದ್ಯವೇ ಆಗಬೇಕೆಂದಿಲ್ಲ ಎನ್ನುವವರು ಎಂ.ಡಿ. ಜೆರಿಯಾಟ್ರಿಕ್ಸ್ (ಹಿರಿಯರ ವೈದ್ಯಕೀಯ) ಕಡೆಗೂ ನೋಡಬಹುದು. ಚೆನ್ನೈನ ಮದ್ರಾಸ್ ಮೆಡಿಕಲ್ ಕಾಲೇಜು 1996ರಲ್ಲಿ ಶುರುಮಾಡಿದ ಈ ಕೋರ್ಸು ಈಗ ದೇಶದ ಹಲವು ಕಡೆ ಇದೆ, ಡಿ.ಎನ್.ಬಿ. ರೂಪದಲ್ಲೂ ಇದೆ. ದೇಹದ ಭಾಗ ಇಲ್ಲಿ ಗಟ್ಟಿ: ಬೀಳುವಿಕೆ, ಮೂತ್ರ ನಿಯಂತ್ರಣ, ಮೂಳೆಸವೆತ, ಹತ್ತಾರು ಔಷಧಗಳ ತಾಳಮೇಳ. ಮನಸ್ಸಿನ ಭಾಗ ತೆಳು. ಡಿಮೆನ್ಷಿಯಾವನ್ನು ಅವರು ಚೆನ್ನಾಗಿಯೇ ಗುರುತಿಸುತ್ತಾರೆ, ಆದರೆ ಊಟ ಬಿಟ್ಟು ಮಾತು ನಿಲ್ಲಿಸಿ ಗೋಡೆಗೆ ಮುಖಮಾಡಿ ಮಲಗಿರುವ ತೀವ್ರ ಖಿನ್ನತೆಯ ಅಜ್ಜಿಗೆ ಇಸಿಟಿ (ಅರಿವಳಿಕೆ ಕೊಟ್ಟು ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಕೊಡುವ ನಿರ್ಧಾರ ತೆಗೆದುಕೊಳ್ಳಬೇಕಾದದ್ದು ಮನೋವೈದ್ಯರೇ. ಇಂಥ ರೋಗಿಗಳಲ್ಲಿ ಆ ಚಿಕಿತ್ಸೆಯಿಂದ ಬರುವ ಸುಧಾರಣೆಯನ್ನು ಕಣ್ಣಾರೆ ಕಂಡವರು ಮುಪ್ಪಿನ ಮನೋವೈದ್ಯವನ್ನು ಬಿಟ್ಟುಹೋಗುವುದು ಕಡಿಮೆ. ಇನ್ನು ಇಗ್ನೊ ಮುಕ್ತ ವಿಶ್ವವಿದ್ಯಾಲಯದ ಒಂದು ವರ್ಷದ ಜೆರಿಯಾಟ್ರಿಕ್ ಮೆಡಿಸಿನ್ ಸ್ನಾತಕೋತ್ತರ ಡಿಪ್ಲೊಮಾ ಕೆಲಸದಲ್ಲಿರುವ ಎಂ.ಬಿ.ಬಿ.ಎಸ್. ವೈದ್ಯರಿಗೆ ಉಪಯುಕ್ತ, ಅದರಿಂದ ತಜ್ಞರಾಗುವ ನಿರೀಕ್ಷೆ ಬೇಡ.

ಬ್ರಿಟನ್ನಿನ ದಾರಿ, ಅಮೆರಿಕದ್ದು ಸ್ವಲ್ಪ

ವಿದೇಶದ ವಿಚಾರ ಬಂದಾಗ ಪಿಜಿಗಳ ಕಣ್ಣು ಸ್ವಲ್ಪ ಅರಳುತ್ತದೆ, ತಪ್ಪೇನಿಲ್ಲ. ಮುಪ್ಪಿನ ಮನೋವೈದ್ಯವನ್ನು ಬ್ರಿಟನ್ 1989ರಲ್ಲೇ ಪ್ರತ್ಯೇಕ ತಜ್ಞತೆಯೆಂದು ಒಪ್ಪಿತು. ಅಲ್ಲಿನ ಕ್ರಮದಲ್ಲಿ ಮೂರು ವರ್ಷ ಕೋರ್ (ಆರಂಭಿಕ) ತರಬೇತಿ, ಅಲ್ಲಿನ ಮನೋವೈದ್ಯರ ರಾಯಲ್ ಕಾಲೇಜಿನ ಸದಸ್ಯತ್ವ ಪರೀಕ್ಷೆಯಾದ ಎಂಆರ್‌ಸಿಸೈಕ್‌ನ ಎರಡು ಲಿಖಿತ ಪರೀಕ್ಷೆಗಳು ಮತ್ತು ಒಂದು ಕ್ಲಿನಿಕಲ್ ಪರೀಕ್ಷೆ, ಆಮೇಲೆ ಹಿರಿಯರ ಮನೋವೈದ್ಯದಲ್ಲೇ ಮೂರು ವರ್ಷದ ಉನ್ನತ ತರಬೇತಿ. ಅಂದರೆ ಇಲ್ಲಿ ಎಂ.ಡಿ. ಮಾಡಿದವರು ಅಲ್ಲಿ ಮೊದಲಿಂದ ಶುರುಮಾಡಿದರೆ ಇನ್ನೂ ಆರು ವರ್ಷ. ಅದಕ್ಕೆ ಮುಂಚೆ ವಿದೇಶಿ ವೈದ್ಯರಿಗಿರುವ ಪ್ಲ್ಯಾಬ್ ಪರೀಕ್ಷೆ, ನೋಂದಣಿ, ವೀಸಾ, ಒಂದೊಂದಕ್ಕೂ ಪೌಂಡಿನಲ್ಲಿ ಶುಲ್ಕ.

ಅಲ್ಲಿ ಸಿಗುವ, ಇಲ್ಲಿ ಸುಲಭಕ್ಕೆ ಸಿಗದ ವಿಷಯವೊಂದಿದೆ: ತಂಡ. ಸಮುದಾಯದ ಮಾನಸಿಕ ಆರೋಗ್ಯ ನರ್ಸ್, ಸಮಾಜ ಕಾರ್ಯಕರ್ತ, ಆಕ್ಯುಪೇಷನಲ್ ಥೆರಪಿಸ್ಟ್ ಇವರೊಂದಿಗೆ ರೋಗಿಯ ಮನೆಗೇ ಹೋಗಿ ನೋಡುವುದು ಅಲ್ಲಿ ವಿಶೇಷವಲ್ಲ, ದಿನಚರಿ. ಫ್ರಿಜ್ಜಿನಲ್ಲಿ ಕೊಳೆತ ಹಾಲು, ಒಲೆಯ ಮೇಲೆ ಸೀದ ಪಾತ್ರೆ, ಬಾಗಿಲ ಸಂದಿಯಲ್ಲಿ ಬಿದ್ದಿರುವ ತೆರೆಯದ ಪತ್ರಗಳು, ಇವುಗಳಿಂದ ರೋಗನಿರ್ಣಯ ಮಾಡುವ ವಿದ್ಯೆಯನ್ನು ಅಲ್ಲಿ ಕ್ರಮವಾಗಿ ಕಲಿಸುತ್ತಾರೆ. ಹಿಂದಿರುಗಿ ಬಂದವರು ಬೆಂಗಳೂರಿನಲ್ಲಿ ಮೊದಲು ಹುಡುಕುವುದು ಇಂಥ ತಂಡವನ್ನೇ. ಸಿಗದಿದ್ದಾಗ ಕೆಲವರು ತಾವೇ ಕಟ್ಟುತ್ತಾರೆ, ಕೆಲವರು ವಾಪಸ್ ಹೋಗುತ್ತಾರೆ.

ಸದ್ಯದ ತೊಡಕೆಂದರೆ ಪೈಪೋಟಿ. ಒಂದು ಕಾಲದಲ್ಲಿ ಬ್ರಿಟನ್ನಿನಲ್ಲಿ ಮನೋವೈದ್ಯಕ್ಕೆ ಜನ ಸಿಗುತ್ತಿರಲಿಲ್ಲ. ಈಗ ಕೋರ್ ತರಬೇತಿಯ ಒಂದೊಂದು ಸ್ಥಾನಕ್ಕೂ ಅನೇಕ ಅರ್ಜಿಗಳು ಬರುತ್ತಿವೆ, ಅಲ್ಲೇ ಓದಿದವರಿಗೆ ಆದ್ಯತೆ ಕೊಡುವ ನೀತಿಯೂ ಬಲಗೊಳ್ಳುತ್ತಿದೆ. ಹತ್ತು ವರ್ಷದ ಹಿಂದೆ ಹೋದ ಅಣ್ಣನೊಬ್ಬ "ಬಾ, ಸುಲಭ" ಎಂದರೆ ಅವನ ಕಾಲಕ್ಕೆ ಅದು ನಿಜವಾಗಿತ್ತು ಎಂದಷ್ಟೇ ತಿಳಿಯಿರಿ. ನೆಲೆಸುವ ಉದ್ದೇಶವಿಲ್ಲದೆ ಆ ವ್ಯವಸ್ಥೆಯನ್ನು ಒಳಗಿನಿಂದ ನೋಡಬೇಕು ಎನ್ನುವವರಿಗೆ ಎಂಟಿಐ ಎಂಬ, ಗರಿಷ್ಠ ಎರಡು ವರ್ಷದ ತರಬೇತಿ ಯೋಜನೆಯಿದೆ, ಎಂ.ಡಿ. ಮುಗಿಸಿ ಹಿಂದಿರುಗುವ ಮನಸ್ಸಿರುವವರಿಗೆ ಆರು ವರ್ಷದ ದಾರಿಗಿಂತ ಇದು ಹೊಂದುತ್ತದೆ.

ಅಮೆರಿಕದಲ್ಲಿ ನಾಲ್ಕು ವರ್ಷದ ರೆಸಿಡೆನ್ಸಿಯ ಮೇಲೆ ಒಂದು ವರ್ಷದ ಫೆಲೋಶಿಪ್. ಅಲ್ಲಿ ಈ ಫೆಲೋಶಿಪ್‌ನ ಬಹಳಷ್ಟು ಸ್ಥಾನಗಳು ವರ್ಷವರ್ಷವೂ ಖಾಲಿ ಉಳಿಯುತ್ತವೆ, ಏಕೆಂದರೆ ಹೆಚ್ಚುವರಿ ವರ್ಷಕ್ಕೆ ತಕ್ಕ ಹೆಚ್ಚುವರಿ ಆದಾಯ ಇಲ್ಲ. ವೈದ್ಯರು ಬರುತ್ತಿಲ್ಲ ಎಂಬ ಕೊರಗು ನಮ್ಮೊಬ್ಬರದೇ ಅಲ್ಲ ಎಂದು ತಿಳಿಯಲಿ ಎಂದಷ್ಟೇ ಇದನ್ನು ಹೇಳಿದ್ದು. ನಾಲ್ಕು ವರ್ಷದ ರೆಸಿಡೆನ್ಸಿಯೇ ಅಲ್ಲಿನ ನಿಜವಾದ ಬಾಗಿಲು, ಮತ್ತು ಅದನ್ನು ದಾಟಲು ಬೇಕಾದ ಖರ್ಚಿನ ಮುಂದೆ ಮೇಲಿನ ಯಾವ ದಾರಿಯೂ ಅಗ್ಗವೇ.

ಭಾಷೆಯ ಲೆಕ್ಕ

ಚಳಿಗಾಲದ ಒಂದು ಬೆಳಿಗ್ಗೆ ಚಾಮರಾಜಪೇಟೆಯ ಎಂಬತ್ತರ ಅಜ್ಜಿಯೊಬ್ಬರನ್ನು ರೆಸಿಡೆಂಟ್ "ಇದು ಯಾವ ತಿಂಗಳು ಅಜ್ಜಿ?" ಎಂದು ಕೇಳಿದಳು. "ಮಾರ್ಗಶಿರ" ಎಂದರು ಅಜ್ಜಿ. "ಇವತ್ತು ಎಷ್ಟನೇ ತಾರೀಕು?" ಎಂಬುದಕ್ಕೆ, "ಸುಬ್ಬರಾಯನ ಷಷ್ಠಿ ಆಗಿ ಮೂರು ದಿನ ಆಯ್ತಲ್ಲಮ್ಮ" ಎಂದರು. ರೆಸಿಡೆಂಟ್ ಎರಡಕ್ಕೂ ಸೊನ್ನೆ ಹಾಕಿದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದರೆ ಅಂದು ಸರಿಯಾಗಿ ನವಮಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಿದ್ಧಪಡಿಸಿದ ಅರಿವಿನ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಲಭ್ಯವಿದೆ, ಓದುಬರಹ ಬಾರದವರನ್ನೂ ಲೆಕ್ಕದಲ್ಲಿಟ್ಟುಕೊಂಡಿದೆ. ಆದರೆ ಕೇಳುವವರ ಕಿವಿ ಕನ್ನಡದ್ದಲ್ಲದಿದ್ದರೆ ಪರೀಕ್ಷೆ ಕನ್ನಡದಲ್ಲಿದ್ದೂ ಪ್ರಯೋಜನ ಕಡಿಮೆ. ಡಿಮೆನ್ಷಿಯಾ ಮುಂದುವರಿದಂತೆ ತಡವಾಗಿ ಕಲಿತ ಇಂಗ್ಲಿಷು ಹಿಂದಿಗಳು ಹೋಗಿ, ಚಿಕ್ಕಂದಿನ ಮಾತು ಮಾತ್ರ ಉಳಿಯುವುದನ್ನು ಓಪಿಡಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಆದ್ದರಿಂದ ಮಂಡ್ಯದ ಕನ್ನಡ, ಕೋಲಾರದ ತೆಲುಗು ಬೆರೆತ ಕನ್ನಡ, ಶಿವಾಜಿನಗರದ ದಖನಿ ಇವುಗಳಲ್ಲಿ ಒಂದೆರಡಾದರೂ ಬಲ್ಲ ವೈದ್ಯರು ಲಖನೌವಿಗೋ ಲೀಡ್ಸಿಗೋ ಹೋಗುವ ಮುನ್ನ, ಅಲ್ಲಿ ತಾವು ಬಿಟ್ಟುಕೊಡುವ ಬಂಡವಾಳ ಎಷ್ಟು ದೊಡ್ಡದೆಂದು ಅಳೆಯಬೇಕು. ಬೇರೆ ರಾಜ್ಯದಿಂದ ಬೆಂಗಳೂರಿಗೆ ಡಿ.ಎಂ. ಮಾಡಲು ಬರುವವರು ಮೊದಲ ಆರು ತಿಂಗಳಲ್ಲಿ ಕನ್ನಡ ಕಲಿಯುವುದನ್ನೂ ಪಠ್ಯದ ಭಾಗವೆಂದೇ ಎಣಿಸಬೇಕು.

ಯಾವ ಪದವಿಯನ್ನೂ ಸೇರಿಸಿಕೊಳ್ಳದೆ

ಕೊನೆಯ ಆಯ್ಕೆಯನ್ನು ಯಾರೂ ಆಯ್ಕೆ ಎಂದು ಕರೆಯುವುದಿಲ್ಲ: ಸಾಮಾನ್ಯ ಮನೋವೈದ್ಯರಾಗಿಯೇ ಇದ್ದು, ವಾರದಲ್ಲಿ ಒಂದು ದಿನವನ್ನು ಹಿರಿಯರಿಗೆ ಮೀಸಲಿಡುವುದು. ಊರಿಗೆ ಮರಳುವವರಿಗೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕೆಲಸ ಮಾಡುವವರಿಗೆ ಇದೇ ನಿಜವಾದ ದಾರಿ, ಮತ್ತು ನಾಡಿನ ಬಹುಪಾಲು ಹಿರಿಯರಿಗೆ ಸಿಗಲಿರುವುದೂ ಇಂಥ ವೈದ್ಯರೇ.

ಇದು ಕೆಲಸ ಮಾಡಬೇಕಾದರೆ ಕೆಲವು ಏರ್ಪಾಡು ಬೇಕು. ಆ ದಿನ ಒಬ್ಬರಿಗೆ ಮುಕ್ಕಾಲು ಗಂಟೆ ಕೊಡಬೇಕು. ಶುಲ್ಕವೂ ಅದಕ್ಕೆ ತಕ್ಕಂತೆ ಇರಬೇಕು, ಇಲ್ಲದಿದ್ದರೆ ಆರು ತಿಂಗಳಲ್ಲಿ ಆ ದಿನ ತಾನಾಗಿ ಕರಗಿಹೋಗುತ್ತದೆ. ನೆಲಮಹಡಿಯ ಕೋಣೆ ಬೇಕು; ಲಿಫ್ಟ್ ಇಲ್ಲದ ಎರಡನೆಯ ಮಹಡಿಯಲ್ಲಿ ಕ್ಲಿನಿಕ್ ಇಟ್ಟು ಹಿರಿಯರು ಬರುತ್ತಿಲ್ಲ ಎನ್ನುವವರನ್ನು ನೋಡಿದ್ದೇನೆ. ಒಬ್ಬ ಫಿಸಿಷಿಯನ್, ಒಬ್ಬ ನರರೋಗ ತಜ್ಞ ಫೋನಿಗೆ ಸಿಗುವಂತಿರಬೇಕು. ಬೆಂಗಳೂರಿನಲ್ಲಾದರೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳ ಡಿಮೆನ್ಷಿಯಾ ಆರೈಕೆ ಕೇಂದ್ರಗಳು ಇವೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಎರಡನ್ನೂ ಚೀಟಿಯ ಹಿಂಭಾಗದಲ್ಲಿ ಅಚ್ಚು ಹಾಕಿಸಬಹುದು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ನಡೆಸುತ್ತಿರುವ ಮಿದುಳು ಆರೋಗ್ಯ ಯೋಜನೆಯಡಿ ಜಿಲ್ಲೆಗಳಲ್ಲಿ ಕ್ಲಿನಿಕ್ಕುಗಳು ಶುರುವಾಗಿರುವುದರಿಂದ, ಕಷ್ಟದ ಕೇಸನ್ನು ಕಳಿಸಿ ಅಭಿಪ್ರಾಯ ಪಡೆಯುವುದು ಮೊದಲಿಗಿಂತ ಸುಲಭ.

ಕೊರತೆಯೂ ಇದೆ. ತಪ್ಪು ಮಾಡಿದಾಗ ತಿದ್ದುವವರು ಪಕ್ಕದಲ್ಲಿ ಇರುವುದಿಲ್ಲ. ಅದಕ್ಕೆ ಮದ್ದು, ಎಂ.ಡಿ. ಮುಗಿದ ಮೇಲೆ ಕನಿಷ್ಠ ಆರು ತಿಂಗಳಾದರೂ ಹಿರಿಯರ ಘಟಕವಿರುವ ಕಡೆ ಸೀನಿಯರ್ ರೆಸಿಡೆಂಟ್ ಆಗಿ ದುಡಿಯುವುದು. ಹೇಗಿದ್ದರೂ ಒಂದು ವರ್ಷ ಸೀನಿಯರ್ ರೆಸಿಡೆನ್ಸಿ ಮಾಡುವವರಿದ್ದೀರಿ. ಸಂಬಳ ಐದು ಸಾವಿರ ಕಡಿಮೆಯಾದರೂ ಇಂಥ ಕಡೆ ಮಾಡಿ.

ವಿಭಾಗದ ಮುಖ್ಯಸ್ಥರಿಗೆ

ಪಿಜಿಗಳು ಈ ಕಡೆ ಬರುತ್ತಿಲ್ಲ ಎಂದು ದೂರುವವರ ಮುಂದೆ ಸಾಮಾನ್ಯವಾಗಿ ಮೂರು ಉಪಾಯಗಳಿರುತ್ತವೆ: ಕಡ್ಡಾಯ ಪೋಸ್ಟಿಂಗ್, ವಾರದ ವಿಶೇಷ ಕ್ಲಿನಿಕ್, ಹೊಸ ಸೀಟು. ಹೊಸ ಸೀಟಿಗೆ ಹಾಸಿಗೆ, ಬೋಧಕರು, ಅನುಮತಿ ಎಲ್ಲ ಬೇಕು. ಆಸಕ್ತಿ ಇಲ್ಲದ ಕಡೆ ಸೀಟು ಸೃಷ್ಟಿಸಿದರೆ ಅದು ಖಾಲಿ ಬೀಳುತ್ತದೆ. ವಾರದ ಕ್ಲಿನಿಕ್ ಅಗ್ಗ, ಆದರೆ ಅಲ್ಲಿ ಪಿಜಿ ಒಬ್ಬ ರೋಗಿಯನ್ನು ಒಮ್ಮೆ ಮಾತ್ರ ನೋಡುತ್ತಾನೆ, ಮುಂದೇನಾಯಿತು ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಕಡ್ಡಾಯ ಪೋಸ್ಟಿಂಗನ್ನು ಎರಡು ತಿಂಗಳು, ಅದೂ ಮೊದಲ ವರ್ಷದ ಕೊನೆಯಲ್ಲಿ, ಮನೆಭೇಟಿಯೊಂದಿಗೆ ಇಟ್ಟರೆ, ಮೂರರಲ್ಲಿ ಹೆಚ್ಚು ಜನರನ್ನು ತರುವುದು ಅದೇ ಎಂಬುದು ನನ್ನ ಅನುಭವ. ಮೂರನೆಯ ವರ್ಷದಲ್ಲಿ ಇಟ್ಟರೆ ಅಷ್ಟರಲ್ಲಿ ಅವರು ತಮ್ಮ ದಾರಿಯನ್ನು ಆರಿಸಿಕೊಂಡಿರುತ್ತಾರೆ. ನಾನು ಓದಿದ ಕಾಲೇಜಿನಲ್ಲಿ ಇಂಥ ಪೋಸ್ಟಿಂಗೇ ಇರಲಿಲ್ಲ; ಹಿರಿಯ ರೋಗಿ ಬಂದರೆ "ಇದು ನ್ಯೂರೋದವರ ಕೇಸು" ಎಂದು ಚೀಟಿ ಬರೆದು ಕಳಿಸುವುದನ್ನೇ ಮೂರು ವರ್ಷ ಕಲಿತೆ, ಮತ್ತು ಅದನ್ನು ಮರೆಯಲು ಇನ್ನೂ ಮೂರು ವರ್ಷ ಹಿಡಿಯಿತು.

ಅರ್ಜಿ ಹಾಕುವ ಮುನ್ನ

ಯಾವುದೇ ಘಟಕವನ್ನು ಆರಿಸುವ ಮೊದಲು ಅಲ್ಲಿಗೆ ಹೋಗಿ ಎರಡು ದಿನ ಕೂತು ಬನ್ನಿ. ಸಂಕೋಚ ಬೇಡ, ಕೇಳಿದರೆ ಬೇಡ ಎನ್ನುವವರು ಕಡಿಮೆ. ಹಿರಿಯರಿಗೆಂದೇ ಎಷ್ಟು ಹಾಸಿಗೆಗಳಿವೆ, ಬೇರೆ ವಿಭಾಗಗಳ ಕರೆಗೆ ಯಾರು ಹೋಗುತ್ತಾರೆ, ರೌಂಡ್ಸಿನಲ್ಲಿ ಕನ್ಸಲ್ಟೆಂಟ್ ರೋಗಿಯ ಮಂಚದ ಪಕ್ಕ ಕೂರುತ್ತಾರೋ ಕಾಲ ಬಳಿ ನಿಂತು ಹೊರಡುತ್ತಾರೋ, ಮಾತ್ರೆಯ ಚೀಲವನ್ನು ಯಾರು ಬಿಚ್ಚುತ್ತಾರೆ ಎಂಬುದನ್ನು ನೋಡಿ. ನಿಮ್ಮನ್ನೂ ನೋಡಿಕೊಳ್ಳಿ: ಕಿವಿ ಕೇಳದವರೊಂದಿಗೆ ಒಂದೇ ಪ್ರಶ್ನೆಯನ್ನು ನಾಲ್ಕನೆಯ ಸಲ ಜೋರಾಗಿ ಕೇಳುವಾಗ ಒಳಗೆ ಸಿಡುಕು ಏಳುತ್ತದೆಯೋ ಇಲ್ಲವೋ ಎಂಬುದು ನಿಮಗಲ್ಲದೆ ಬೇರೆಯವರಿಗೆ ತಿಳಿಯದು. ಆಮೇಲೆ ಕ್ಯಾಂಟೀನಿನಲ್ಲಿ ಈಗಿನ ಫೆಲೋ ಅಥವಾ ಡಿ.ಎಂ. ರೆಸಿಡೆಂಟ್ ಒಬ್ಬರೊಂದಿಗೆ ಕಾಫಿ ಕುಡಿಯುತ್ತ, ಸಂಬಳ, ಡ್ಯೂಟಿಗಳ ಮಾತು ಮುಗಿದ ಮೇಲೆ, ಹೋದ ವಾರ ನೋಡಿದ ಒಬ್ಬ ರೋಗಿಯ ಬಗ್ಗೆ ಹೇಳಿ ಎಂದು ಕೇಳಿ. ರೋಗದ ಹೆಸರು, ಸ್ಕ್ಯಾನಿನ ವರದಿ ಹೇಳಿ ಮುಗಿಸಿದರೆ ಇನ್ನೊಂದು ಘಟಕವನ್ನೂ ನೋಡಿ ಬನ್ನಿ. ಆ ಅಜ್ಜನಿಗೆ ರಾತ್ರಿ ನೀರು ಕೊಡುವವರು ಯಾರು, ಮಗಳು ಯಾವ ಊರಿನಿಂದ ಬಸ್ಸು ಹಿಡಿದು ಬರುತ್ತಾಳೆ ಎಂಬುದರವರೆಗೂ ಅವರ ಮಾತು ಹೋದರೆ, ಅಲ್ಲಿಗೆ ಅರ್ಜಿ ಹಾಕಿ.